ಮನೆಯಲ್ಲಿ ನಾಯಿ ಇದೆ, ಮಕ್ಕಳು ಬರ್ತಿದ್ದಾರೆ: ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ

ನಾಯಿ ಸಾಕಿದವರ ಮನೆಗೆ ಪುಟ್ಟ ಮಕ್ಕಳು ಬಂದಾಗ ಆಗುವ ಎಡವಟ್ಟು ಹೆಚ್ಚುಕಮ್ಮಿ ಒಂದೇ ಥರ. ಬೆಲ್ ಆಗುತ್ತದೆ, ಬಾಗಿಲು ತೆಗೆಯುತ್ತಾರೆ, ನಾಯಿ ಓಡಿ ಬರುತ್ತದೆ. ಒಂದು ಮಗು ಕಿರುಚುತ್ತದೆ, ಇನ್ನೊಂದು ಖುಷಿಯಲ್ಲಿ ಅದರ ಕುತ್ತಿಗೆಗೇ ಜೋತುಬೀಳುತ್ತದೆ. ಮನೆಯವರು ಬೆಲ್ಟ್ ಹಿಡಿದುಕೊಂಡು "ಏನೂ ಮಾಡಲ್ಲ, ಮುಟ್ಟು ಪುಟ್ಟಾ" ಅನ್ನುತ್ತಾರೆ. ಅರ್ಧ ಗಂಟೆ ಎಲ್ಲ ಚೆನ್ನಾಗೇ ಇರುತ್ತದೆ. ಆಮೇಲೆ ನಾಯಿ ಗುರ್ ಅನ್ನುತ್ತದೆ, ಇಲ್ಲವೇ ಬಾಯಿ ಹಾಕುತ್ತದೆ. "ಇದ್ದಕ್ಕಿದ್ದ ಹಾಗೆ ಏನಾಯ್ತು ಇದಕ್ಕೆ?" ಅಂತ ಎಲ್ಲರೂ ಕೇಳುತ್ತಾರೆ.

ಇದ್ದಕ್ಕಿದ್ದ ಹಾಗೆ ಏನೂ ಆಗಿರುವುದಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಪರಿಚಯ ಮಾಡಿಸುವುದನ್ನು ಮೊದಲು ಮಾಡಿ, ತಯಾರಿ ಆಮೇಲೆ ನೋಡೋಣ ಅಂದುಕೊಳ್ಳುತ್ತೇವೆ. ಪರಿಚಯ ಕೊನೇ ಕೆಲಸ. ಅದೂ ಮುಂಚಿನದೆಲ್ಲ ಸರಿಯಾಗಿ ಆಗಿದ್ದರೆ ಮಾತ್ರ. ಮಕ್ಕಳು ಬಂದು ಹೋಗುವವರೆಗೂ ನಾಯಿ ಒಳಗಿನ ಕೋಣೆಯಲ್ಲಿ ಏನನ್ನೋ ಅಗಿಯುತ್ತಾ ಬಿದ್ದುಕೊಂಡಿದ್ದರೆ, ನನ್ನ ಲೆಕ್ಕದಲ್ಲಿ ಅದೇ ಒಳ್ಳೇ ಭೇಟಿ.

ಪುಟ್ಟ ಮಕ್ಕಳಿಗೆ ಮನೆಯೊಳಗೆ ಆಗುವ ಕಡಿತ ಸಾಮಾನ್ಯವಾಗಿ ಅವರಿಗೆ ಗೊತ್ತಿರುವ ನಾಯಿಯಿಂದಲೇ ಆಗುತ್ತದೆ. ಮಗುವಿನ ಮುಖ ನಾಯಿಯ ಮುಖದ ಎತ್ತರದಲ್ಲೇ ಇರುವುದರಿಂದ ಗಾಯವೂ ಮುಖ, ತಲೆ, ಕುತ್ತಿಗೆಗೇ ಜಾಸ್ತಿ. ಅದಕ್ಕೇ "ನಮ್ಮ ನಾಯಿ ಪಾಪದ್ದು" ಅನ್ನುವ ಮಾತನ್ನು ತಯಾರಿ ಅಂತ ಎಣಿಸಬೇಡಿ.

ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾದ ಸಾಮಾನು

ಚಿಲಕ ಸರಿಯಾಗಿ ಬೀಳುವ ಬಾಗಿಲಿರುವ ಒಂದು ಕೋಣೆ. ಬಾಗಿಲ ಚೌಕಟ್ಟಿಗೆ ಹಾಕುವ ಮಕ್ಕಳ ಗೇಟ್, ನಾಯಿ ಹಾರಲಾಗದಷ್ಟು ಎತ್ತರದ್ದು. ಸುಮಾರು 2 ಮೀಟರ್ ಉದ್ದದ ಸಾದಾ ಲೀಶ್. ಎಳೆದಷ್ಟೂ ಉದ್ದವಾಗುವ ಲೀಶ್ ಬೇಡ, ಮಕ್ಕಳ ಕಾಲಿಗೆ ಸುತ್ತಿಕೊಳ್ಳುತ್ತದೆ. ತುಂಬಾ ಹೊತ್ತು ಅಗಿಯುವಂಥದ್ದು ಏನಾದರೂ ಒಂದು, ಅಥವಾ ಒಳಗೆ ಆಹಾರ ತುಂಬಿ ಫ್ರೀಜರ್‌ನಲ್ಲಿಟ್ಟ ರಬ್ಬರ್ ಆಟಿಕೆ. ಒಂದು ಡಬ್ಬಿ ಚಿಕ್ಕ ಟ್ರೀಟ್‌ಗಳು. ಬಾಗಿಲಿಗೆ ಅಂಟಿಸಲು "ಒಳಗೆ ನಾಯಿ ಇದೆ, ತೆಗೆಯಬೇಡಿ" ಅಂತ ಬರೆದ ಚೀಟಿ. ಚೀಟಿ ಯಾಕೆ ಅಂತ ನಗಬೇಡಿ. ಬಾತ್‌ರೂಮ್ ಹುಡುಕುತ್ತಾ ನಾಯಿಯ ಕೋಣೆ ತೆರೆಯುವುದು ದೊಡ್ಡವರೇ.

ನಾಯಿಯ ಲಸಿಕೆ ಕಾರ್ಡ್ ತೆಗೆದು ರೇಬಿಸ್ ಲಸಿಕೆಯ ದಿನಾಂಕ ನೋಡಿ. ಅವಧಿ ಮೀರಿದ್ದರೆ ಮೊದಲು ಅದನ್ನು ಹಾಕಿಸಿ. ಉಗುರು ಬೆಳೆದಿದ್ದರೆ ಕತ್ತರಿಸಿ. ಕಚ್ಚದೇ ಇರುವ ನಾಯಿಯೂ ಮೈಮೇಲೆ ಹಾರಿ ಮಗುವಿನ ಮುಖ ಪರಚಬಹುದು.

ಹಂತ 1: ಈ ನಾಯಿ ಮಕ್ಕಳನ್ನು ಭೇಟಿ ಮಾಡಲೇಬೇಕಾ?

ಒಂದು ವಾರ ಮುಂಚೆಯೇ ಕೂತು ಯೋಚಿಸಿ. ಕೆಳಗಿನ ಯಾವುದಾದರೂ ಒಂದು ನಿಮ್ಮ ನಾಯಿಗೆ ಹೊಂದಿದರೂ ಭೇಟಿ ಬೇಡ, ಬಾಗಿಲ ಹಿಂದೆಯೇ ಇರಲಿ:

- ಹಿಂದೆ ಯಾರಿಗಾದರೂ ಕಚ್ಚಿದೆ, ಬಾಯಿ ಹಾಕಿದೆ
- ತಟ್ಟೆ, ಆಟಿಕೆ, ಸೋಫಾ ಅಥವಾ ಒಬ್ಬ ಮನುಷ್ಯನ ಹತ್ತಿರ ಬಂದವರಿಗೆ ಗುರ್ ಅನ್ನುತ್ತದೆ
- ಹುಷಾರಿಲ್ಲ, ಗಾಯವಾಗಿದೆ, ಆಪರೇಷನ್ ಆಗಿದೆ
- ಮರಿ ಹಾಕಿದೆ
- ಮನೆಗೆ ಬಂದು ಕೆಲವೇ ವಾರ ಆಗಿದೆ
- ಚಿಕ್ಕ ಮಕ್ಕಳನ್ನು ಹತ್ತಿರದಿಂದ ನೋಡೇ ಇಲ್ಲ, ಅಥವಾ ನೋಡಿದರೆ ಹಿಂದೆ ಸರಿಯುತ್ತದೆ

ವಯಸ್ಸಾದ ನಾಯಿಯ ಬಗ್ಗೆ ಒಂದು ಮಾತು. ಕೀಲುನೋವು, ಕಿವಿಯ ಸೋಂಕು, ಹಲ್ಲುನೋವು ಹೊರಗೆ ಕಾಣುವುದಿಲ್ಲ. ಹತ್ತು ವರ್ಷ ಯಾರ ತಂಟೆಗೂ ಹೋಗದ ನಾಯಿ, ನೋಯುವ ಸೊಂಟದ ಮೇಲೆ ಮಗು ಕೈ ಊರಿದ ತಕ್ಷಣ ತಿರುಗಿ ಬಾಯಿ ಹಾಕಬಹುದು. ಕಣ್ಣು, ಕಿವಿ ಮಂದವಾಗಿದ್ದರೆ ಮಗು ಹತ್ತಿರ ಬಂದದ್ದು ಮುಟ್ಟುವವರೆಗೂ ಅದಕ್ಕೆ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಲು ಹಿಂದೇಟು ಹಾಕುವುದು, ಪದೇ ಪದೇ ತಲೆ ಕೊಡವುವುದು ಕಂಡರೆ ಮಕ್ಕಳು ಬರುವ ಮೊದಲೇ ಪಶುವೈದ್ಯರಿಗೆ ತೋರಿಸಿ.

ಹಂತ 2: ನಾಯಿಗೆ ಅದರದ್ದೇ ಒಂದು ಜಾಗ ಮಾಡಿ

ಇದನ್ನು ಮಕ್ಕಳು ಬರುವ ದಿನ ಮಾಡಿದರೆ ಉಪಯೋಗವಿಲ್ಲ. ಆ ದಿನವೇ ಮೊದಲ ಸಲ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರೆ ನಾಯಿ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ನೀವು ಪಾಪ ಅಂತ ಬಿಡುತ್ತೀರಿ. ಅಲ್ಲಿಂದಲೇ ಶುರು ಎಡವಟ್ಟು. ಈ ಒಂದೇ ಹಂತದಲ್ಲಿ ಎಡವುವವರು ತುಂಬಾ ಜನ.

ಒಂದು ವಾರ, ಸಾಧ್ಯವಾದರೆ ಎರಡು ವಾರ ಮುಂಚಿನಿಂದ ದಿನಾ ರೂಢಿ ಮಾಡಿಸಿ. ಹಾಸಿಗೆ, ನೀರು ಅಲ್ಲೇ ಇಡಿ. ಅಗಿಯುವ ಆಟಿಕೆ ಕೊಟ್ಟು ಮೊದಲು ಬಾಗಿಲು ತೆರೆದೇ ಇರಲಿ. ಆಮೇಲೆ 2 ನಿಮಿಷ ಮುಚ್ಚಿ, ನಾಯಿ ಸುಮ್ಮನಿರುವಾಗಲೇ ತೆಗೆಯಿರಿ. 5 ನಿಮಿಷ, 10 ನಿಮಿಷ, ಅರ್ಧ ಗಂಟೆ, ಹೀಗೆ ಏರಿಸುತ್ತಾ ಹೋಗಿ. ರುಚಿಯಾದದ್ದು ಆ ಕೋಣೆಯಲ್ಲಿ ಮಾತ್ರ ಸಿಗಲಿ. ನಾಯಿಯನ್ನು ಬೈದು ಆ ಕೋಣೆಗೆ ಯಾವತ್ತೂ ಅಟ್ಟಬೇಡಿ. ಶಿಕ್ಷೆಯ ಜಾಗವಾದರೆ ಅಲ್ಲಿ ಆರಾಮಾಗಿ ಮಲಗುವುದಿಲ್ಲ.

ಮನೆಯಲ್ಲಿ ಹೆಚ್ಚುವರಿ ಕೋಣೆ ಇಲ್ಲದಿದ್ದರೆ ಕ್ರೇಟ್ (ನಾಯಿ ಮಲಗುವ ಕಂಬಿಯ ಗೂಡು) ಆಗಬಹುದು, ಆದರೆ ಅದನ್ನು ಹಾಲ್‌ನ ಮಧ್ಯದಲ್ಲಿ ಇಡಬೇಡಿ. ಕಂಬಿಯೊಳಗೆ ಬೆರಳು ತೂರಿಸುವ ಮಕ್ಕಳು ಇದ್ದೇ ಇರುತ್ತಾರೆ. ಇನ್ನು, ನಾಯಿಯನ್ನು ಮೇಜಿನ ಕಾಲಿಗೋ ಕಿಟಕಿಗೋ ಕಟ್ಟಿಹಾಕುವುದು ಸುರಕ್ಷಿತ ಅಂತ ತುಂಬಾ ಜನ ನಂಬಿದ್ದಾರೆ. ಕಟ್ಟಿದ ನಾಯಿಗೆ ದೂರ ಹೋಗುವ ದಾರಿ ಇರುವುದಿಲ್ಲ. ಮಕ್ಕಳಿಗೆ ಹತ್ತಿರ ಹೋಗುವ ದಾರಿ ಇರುತ್ತದೆ. ತಪ್ಪಿಸಿಕೊಳ್ಳಲು ಆಗದ ನಾಯಿಗೆ ಉಳಿಯುವುದು ಹಲ್ಲು ಮಾತ್ರ.

ಹಂತ 3: ನೋಡಿಕೊಳ್ಳುವವರು ಯಾರು ಅಂತ ಹೆಸರು ಹಿಡಿದು ಹೇಳಿ

"ಎಲ್ಲರೂ ಇದ್ದೀವಲ್ಲ, ನೋಡ್ಕೊಳ್ಳೋಣ" ಅಂದರೆ ಯಾರೂ ನೋಡುವುದಿಲ್ಲ ಅಂತಲೇ ಅರ್ಥ. ನಾಯಿಯ ಹೊಣೆ ಒಬ್ಬರಿಗೆ, ಮಕ್ಕಳ ಹೊಣೆ ಇನ್ನೊಬ್ಬರಿಗೆ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಫೋನ್ ಇರಬಾರದು, ಮಗು ಕೈಗೆಟುಕುವ ದೂರದಲ್ಲಿ ಇರಬೇಕು. ಏಳಬೇಕಾದರೆ "ಈಗ ನೀನು ನೋಡ್ಕೋ" ಅಂತ ಬಾಯಿಬಿಟ್ಟು ಹೇಳಿ, ಅವರು "ಸರಿ" ಅಂದ ಮೇಲೇ ಏಳಿ. ಇಬ್ಬರು ಸಿಗದಿದ್ದರೆ ನಾಯಿ ಕೋಣೆಯಲ್ಲಿರಲಿ. ಹತ್ತು ವರ್ಷದ ಅಕ್ಕನಿಗೆ ಈ ಕೆಲಸ ಒಪ್ಪಿಸಬೇಡಿ.

ಹಂತ 4: ಆ ದಿನ ಬೆಳಿಗ್ಗೆ

ನಾಯಿಯನ್ನು ಚೆನ್ನಾಗಿ ನಡೆಸಿಕೊಂಡು ಬನ್ನಿ. ಓಡಿಸಿ ಸುಸ್ತು ಮಾಡುವುದಕ್ಕಿಂತ, ನಿಧಾನವಾಗಿ ಬೇಕಾದಷ್ಟು ಮೂಸಲು ಬಿಡುವುದು ಒಳ್ಳೆಯದು. ಮನಸ್ಸು ತಣ್ಣಗಾಗುತ್ತದೆ. ಚೆಂಡು ಎಸೆದು ಎಸೆದು ಉಬ್ಬಿಸಿದ ನಾಯಿ ಮನೆಗೆ ಬಂದ ಮೇಲೂ ಕುಣಿಯುತ್ತಲೇ ಇರುತ್ತದೆ.

ನಾಯಿಯ ತಟ್ಟೆ, ಮೂಳೆ, ಆಟಿಕೆ, ಹಾಲ್‌ನಲ್ಲಿರುವ ಅದರ ಹಾಸಿಗೆ, ಎಲ್ಲವನ್ನೂ ಎತ್ತಿ ಅದರ ಕೋಣೆಗೆ ಹಾಕಿ. ಸೋಫಾದ ಕೆಳಗೆ ಕೈ ಹಾಕಿ ನೋಡಿ, ವಾರದ ಹಿಂದೆ ಬಚ್ಚಿಟ್ಟ ಮೂಳೆ ಅಲ್ಲೇ ಇರುತ್ತದೆ. ಅದನ್ನು ಮಗು ಎತ್ತಿಕೊಂಡರೆ ಅಂತ ಯೋಚಿಸಿ.

ನಾಯಿಯ ಸಹನೆ ಒಂದೇ ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಖರ್ಚಾಗುತ್ತದೆ. ಬೆಳಿಗ್ಗೆ ಸ್ನಾನ, ಆಮೇಲೆ ರಿಪೇರಿಯವರು ಬಂದದ್ದು, ಪಕ್ಕದ ಮನೆಯ ಡ್ರಿಲ್ ಸದ್ದು, ಸಂಜೆ ನಾಲ್ಕು ಮಕ್ಕಳು. ಒಂದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿತ್ತು. ಎಲ್ಲ ಒಟ್ಟಾದ ದಿನ ಚಿಕ್ಕದಕ್ಕೂ ಸಿಡುಕುತ್ತದೆ. ಅಂಥ ದಿನ ಪರಿಚಯದ ಯೋಚನೆಯನ್ನೇ ಬಿಟ್ಟುಬಿಡಿ.

ಹಂತ 5: ಬಾಗಿಲು ತೆಗೆಯುವ ಮುಂಚೆ

ಬೆಲ್ ಆಗುವ ಮೊದಲೇ ನಾಯಿ ಕೋಣೆಯಲ್ಲಿರಬೇಕು. ಹೊರಟಾಗ ಒಂದು ಫೋನ್ ಮಾಡಲು ಬರುವವರಿಗೆ ಹೇಳಿ. ಅಗಿಯುವ ಆಟಿಕೆ ಕೊಡಿ, ಬಾಗಿಲು ಹಾಕಿ, ಚೀಟಿ ಅಂಟಿಸಿ. ಹೊಸಬರು, ಬೆಲ್, ಕಿರುಚಾಟ, ಚಪ್ಪಲಿ ಸದ್ದು ಎಲ್ಲ ಒಂದೇ ಸಲ ನುಗ್ಗುವ ಜಾಗ ಮುಂಬಾಗಿಲು. ಅಲ್ಲಿ ಪರಿಚಯ ಬೇಡವೇ ಬೇಡ.

ಮಕ್ಕಳು ಒಳಗೆ ಬಂದು, ಕೂತು, ನೀರು ಕುಡಿದು, ಗಲಾಟೆ ಇಳಿಯಲು ಅರ್ಧ ಗಂಟೆಯಾದರೂ ಕೊಡಿ.

ಹಂತ 6: ಮಕ್ಕಳಿಗೆ ಹೇಳಿಕೊಡುವುದು

ಉದ್ದುದ್ದ ಉಪದೇಶ ಮಕ್ಕಳ ತಲೆಗೆ ಹೋಗುವುದಿಲ್ಲ. ಇಷ್ಟು ಸಾಕು:

1. ನಾಯಿ ಮಲಗಿದ್ದರೆ, ತಿನ್ನುತ್ತಿದ್ದರೆ, ತನ್ನ ಕೋಣೆಯಲ್ಲಿದ್ದರೆ ಹತ್ತಿರ ಹೋಗಬಾರದು.
2. ನಾವು ನಾಯಿ ಹತ್ತಿರ ಹೋಗುವುದಿಲ್ಲ. ಅದಕ್ಕೆ ಬೇಕಾದರೆ ಅದೇ ಬರುತ್ತದೆ.
3. ತಬ್ಬಿಕೊಳ್ಳುವುದು, ಮುತ್ತು ಕೊಡುವುದು, ಮೇಲೆ ಕೂರುವುದು, ಬಾಲ ಎಳೆಯುವುದು ಇಲ್ಲ.
4. ನಾಯಿ ಇರುವಾಗ ಓಡಾಟ, ಕಿರುಚಾಟ ಇಲ್ಲ.
5. ನಾಯಿ ಮೈಮೇಲೆ ಬಂದರೆ ಮರದ ಥರ ನಿಲ್ಲು.

ಮರದ ಆಟವನ್ನು ನಾಯಿ ಇಲ್ಲದಾಗಲೇ ಆಡಿಸಿ. ಕಾಲು ನೆಲಕ್ಕೆ ಊರಿ, ಎರಡೂ ಕೈ ಹೊಟ್ಟೆಯ ಮುಂದೆ ಕಟ್ಟಿ, ಕಣ್ಣು ತನ್ನ ಪಾದದ ಮೇಲಿಟ್ಟು ಅಲುಗದೆ ನಿಲ್ಲಬೇಕು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಗುಣ. ನಿಂತುಬಿಟ್ಟರೆ ಹೆಚ್ಚಿನ ನಾಯಿಗಳಿಗೆ ಆಸಕ್ತಿ ಹೋಗುತ್ತದೆ. ಬೀಳಿಸಿದರೆ ಕಲ್ಲಿನ ಥರ ಮುದುಡಿಕೊಂಡು, ಮುಖ ಕೆಳಗೆ ಮಾಡಿ, ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಬೇಕು. ಮಕ್ಕಳಿಗೆ ಇದು ಖುಷಿಯ ಆಟ. ನಾಲ್ಕೈದು ಸಲ ಆಡಿದರೆ ನೆನಪಿನಲ್ಲಿ ಉಳಿಯುತ್ತದೆ.

ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳು ನಿಯಮ ಒಪ್ಪಿಕೊಂಡ ಮರುಕ್ಷಣವೇ ಮರೆಯುತ್ತಾರೆ. ಅದು ಅವರ ತಪ್ಪಲ್ಲ. ಅವರ ಮಟ್ಟಿಗೆ ನಿಯಮಕ್ಕಿಂತ ಗೇಟೇ ಗತಿ.

ಹಂತ 7: ಪರಿಚಯ, ಬೇಕಿದ್ದರೆ ಮಾತ್ರ

ಒಂದು ಸಲಕ್ಕೆ ಒಂದೇ ಮಗು. ಮಗು ದೊಡ್ಡವರ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿರಲಿ. ಕೈಯಲ್ಲಿ ತಿಂಡಿ ಇರಬಾರದು. ಇನ್ನೊಬ್ಬರು ನಾಯಿಯನ್ನು ಲೀಶ್ ಹಾಕಿ ಕರೆತರಲಿ. ಲೀಶ್ ಸಡಿಲವಾಗಿರಲಿ, ಬಿಗಿಹಿಡಿದರೆ ನಾಯಿಯೂ ಬಿಗಿಯಾಗುತ್ತದೆ. ಲೀಶ್ ಯಾವತ್ತೂ ಮಗುವಿನ ಕೈಗೆ ಬೇಡ.

ನಾಯಿ ಬಂದು ಮೂಸಲಿ. "ಕೈ ಮೂಸೋಕೆ ಕೊಡು" ಅಂತ ಮೂಗಿನ ಮುಂದೆ ಕೈ ಚಾಚುವ ರೂಢಿ ಬಿಡಿ. ನಾಯಿಗೆ ವಾಸನೆ ಅಷ್ಟು ದೂರದಿಂದಲೇ ಸಿಗುತ್ತದೆ. ಅದು ಬಾರದೇ ಹೋದರೆ ಅಲ್ಲಿಗೆ ಮುಗಿಯಿತು. ಎಳೆದು ತರಬೇಡಿ, ಬೆಲ್ಟ್ ಹಿಡಿದು ನಿಲ್ಲಿಸಿ "ಈಗ ಮುಟ್ಟು" ಅನ್ನಬೇಡಿ.

ತಾನಾಗಿ ಬಂದು ಮೈ ಒರಗಿಸಿದರೆ ಮಗು ಒಂದೇ ಕೈಯಲ್ಲಿ ಭುಜದ ಅಥವಾ ಎದೆಯ ಪಕ್ಕ ಸವರಲಿ. ತಲೆಯ ಮೇಲಿಂದ ಕೈ ತರುವುದು ಬೇಡ. 3 ಸೆಕೆಂಡ್ ಸವರಿ ಕೈ ತೆಗೆಯಬೇಕು. ಜೋರಾಗಿ ಎಣಿಸಲು ಹೇಳಿ, ಮಗುವಿಗೂ ಮಜಾ. ಕೈ ತೆಗೆದ ಮೇಲೆ ನಾಯಿ ಮತ್ತೆ ಒರಗಿದರೆ ಇನ್ನೊಂದು ಸಲ ಆಗಬಹುದು. ಸುಮ್ನೆ ನಿಂತರೆ, ಮುಖ ತಿರುಗಿಸಿದರೆ, ದೂರ ಸರಿದರೆ ಸಾಕು ಅಂತ ಅರ್ಥ.

ಟ್ರೀಟ್ ಕೊಡಲೇಬೇಕು ಅಂತ ಮಗು ಹಠ ಮಾಡಿದರೆ, ದೂರಕ್ಕೆ ನೆಲದ ಮೇಲೆ ಎಸೆಯಲು ಹೇಳಿ. ಕೈಯಿಂದ ಕೊಟ್ಟರೆ ಬೆರಳಿಗೆ ಹಲ್ಲು ತಾಗುತ್ತದೆ, ಮಗು ಹೆದರಿ ಕೈ ಎಳೆದುಕೊಳ್ಳುತ್ತದೆ, ನಾಯಿ ಎಳೆದ ಕೈ ಹಿಂದೆಯೇ ಹಾರುತ್ತದೆ. ಹಾಗೇ, ಮಕ್ಕಳ ಜೇಬಿನ ಚಾಕೊಲೇಟ್ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ.

ಎಲ್ಲ ಸೇರಿ ಮೂರ್ನಾಲ್ಕು ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿರುವಾಗಲೇ ನಾಯಿಯನ್ನು ಕೋಣೆಗೆ ಕಳಿಸಿ. "ಇನ್ನೂ ಐದು ನಿಮಿಷ ಇರಲಿ, ಎಷ್ಟು ಚೆನ್ನಾಗಿದೆ ನೋಡಿ" ಅಂದಾಗಲೇ ಕೆಡುವುದು. ಅದರಲ್ಲೂ ಫೋಟೋ. ನಾಯಿಯ ಕುತ್ತಿಗೆಗೆ ಕೈ ಹಾಕಿ, ಕೆನ್ನೆಗೆ ಕೆನ್ನೆ ತಾಗಿಸಿ, ಎದುರಿಗೆ ನಾಲ್ಕು ಜನ ಫೋನ್ ಹಿಡಿದು ನಿಲ್ಲುವುದಕ್ಕಿಂತ ಕೆಟ್ಟ ಐಡಿಯಾ ಇನ್ನೊಂದಿಲ್ಲ. ಗೇಟಿನ ಆಚೆ ನಾಯಿ, ಈಚೆ ಮಗು ಇಟ್ಟು ತೆಗೆಯಿರಿ.

ಹಂತ 8: ನಾಯಿಯ ಮೈ ಓದುವುದು

ಬಾಲ ಅಲ್ಲಾಡಿಸುತ್ತಿದೆ, ಹಾಗಾದ್ರೆ ಖುಷಿಯಾಗಿದೆ. ಈ ನಂಬಿಕೆ ಮೊದಲು ಹೋಗಬೇಕು. ಖುಷಿಯ ಬಾಲ ಸಡಿಲವಾಗಿ ಬೀಸುತ್ತದೆ, ಜೊತೆಗೆ ಸೊಂಟವೂ ಅಲ್ಲಾಡುತ್ತದೆ. ಎತ್ತರಕ್ಕೆ ಸೆಟೆದು, ತುದಿ ಮಾತ್ರ ಪಟಪಟ ಅನ್ನುವ ಬಾಲ ಬೇರೆ. ಅದು ಉದ್ವೇಗದ ಬಾಲ.

ಕಚ್ಚುವ ಮುಂಚಿನ ಅರ್ಧ ನಿಮಿಷವನ್ನು ಹತ್ತಿರದಿಂದ ನೋಡೋಣ. ಮಗು ನಾಯಿಯ ಪಕ್ಕ ಕೂತು ಕುತ್ತಿಗೆ ಬಳಸಿದೆ. ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಈಗ ಬಾಯಿ ಮುಚ್ಚಿತು. ನಾಲಿಗೆ ಒಮ್ಮೆ ಚಕ್ಕನೆ ಹೊರಬಂದು ಮೂಗು ನೆಕ್ಕಿ ಒಳಗೆ ಹೋಯಿತು, ಎದುರಿಗೆ ತಿನ್ನಲು ಏನೂ ಇಲ್ಲದಿದ್ದರೂ. ಮುಖ ಮಗುವಿನಿಂದ ಆಚೆಗೆ ತಿರುಗಿತು. ಆದರೆ ಕಣ್ಣು ಮಗುವಿನ ಕಡೆಗೇ ಇದೆ, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ನಿದ್ದೆ ಇಲ್ಲದಿದ್ದರೂ ಒಂದು ಆಕಳಿಕೆ. ಕಿವಿ ತಲೆಗೆ ಅಂಟಿತು. ಮಗು ಇನ್ನೂ ಬಿಗಿಯಾಗಿ ತಬ್ಬಿತು. ನಾಯಿಯ ಮೈ ಒಮ್ಮೆಗೇ ಸ್ತಬ್ಧ, ಬಾಲವೂ ನಿಂತಿತು. ನೋಡುತ್ತಿದ್ದ ದೊಡ್ಡವರು "ಎಷ್ಟು ಸುಮ್ಮನೆ ಕೂತಿದೆ ನೋಡಿ" ಅನ್ನುತ್ತಾರೆ. ಮುಂದಿನದ್ದು ಗುರ್ ಅಥವಾ ಹಲ್ಲು. ಕೆಲವು ನಾಯಿಗಳಿಗೆ ಇದಕ್ಕೆಲ್ಲ ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ಬಾಯಿ ಮುಚ್ಚುವುದು, ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು ಕಂಡಾಗಲೇ ಮುಗಿಸಿ. ಹರ್ಷದ ದನಿಯಲ್ಲಿ ನಾಯಿಯನ್ನು ಹೆಸರು ಹಿಡಿದು ಕರೆಯಿರಿ. ಮಗುವಿನಿಂದ ದೂರಕ್ಕೆ ಒಂದು ಮುಷ್ಟಿ ಟ್ರೀಟ್ ಎಸೆಯಿರಿ. ಇನ್ನೊಬ್ಬರು ಮಗುವನ್ನು ಆಚೆ ಕರೆದುಕೊಳ್ಳಲಿ. ಮೈ ಸ್ತಬ್ಧವಾಗಿದ್ದರೆ ಕೂಗಬೇಡಿ, ನಾಯಿಯ ಮೇಲೆ ಬಾಗಿ ಮಗುವನ್ನು ಕಿತ್ತುಕೊಳ್ಳಬೇಡಿ. ಮೆಲ್ಲಗೆ "ಕೈ ತೆಗಿ ಕಂದ, ನನ್ನ ಹತ್ರ ಬಾ" ಅನ್ನಿ, ಜೊತೆಗೇ ನಾಯಿಯ ಗಮನ ಟ್ರೀಟ್ ಕಡೆ ತಿರುಗಿಸಿ.

ಗುರ್ ಅಂದದ್ದಕ್ಕೆ ಬೈಯಬೇಡಿ, ಹೊಡೆಯಲೇಬೇಡಿ. ನಾಯಿ "ಸಾಕು" ಅಂತ ಮಾತಿನಲ್ಲಿ ಹೇಳಿದ್ದು ಅದು. ಬೈಸಿಕೊಂಡ ನಾಯಿಗೆ ಮಗುವಿನ ಮೇಲಿನ ಭಯವೇನೂ ಕಡಿಮೆಯಾಗುವುದಿಲ್ಲ, ಗುರ್ ಅನ್ನುವುದು ಮಾತ್ರ ನಿಲ್ಲುತ್ತದೆ. ಮುಂದಿನ ಸಲ ನೇರ ಕಚ್ಚುತ್ತದೆ. ಗುರ್ ಅಂದ ದಿನ ಮತ್ತೆ ಹೊರಗೆ ಬಿಡಬೇಡಿ. ಅದರ ಒಳಗಿನ ಉದ್ವೇಗ ಇಳಿಯಲು ಗಂಟೆಗಟ್ಟಲೆ ಬೇಕು.

ಹಂತ 9: ರಾತ್ರಿ ಉಳಿದರೆ, ಹೊರಡುವಾಗ

ರಾತ್ರಿ ಎರಡು ಬಾಗಿಲು ಮುಚ್ಚಿರಲಿ, ನಾಯಿಯದೂ ಮಕ್ಕಳದೂ. ಕತ್ತಲಲ್ಲಿ ಬಾತ್‌ರೂಮಿಗೆ ಹೊರಟ ಮಗು ನಿದ್ದೆಯಲ್ಲಿರುವ ನಾಯಿಯನ್ನು ಎಡವುವ ಅಪಾಯ ಸಣ್ಣದಲ್ಲ. ಹೊರಡುವಾಗ "ಟಾಟಾ ಮಾಡು" ಅಂತ ನಾಯಿಯನ್ನು ಬಾಗಿಲಿಗೆ ತರಬೇಡಿ. ಗಾಡಿ ಹೋದ ಮೇಲೇ ಬಿಡಿ.

ಹಂತ 10: ಅಕಸ್ಮಾತ್ ಕಚ್ಚಿದರೆ

1. ಮೊದಲು ನಾಯಿಯನ್ನು ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಹಲ್ಲು ಹಿಡಿದೇ ಇದ್ದರೆ ಮಗುವನ್ನು ಎಳೆಯಬೇಡಿ, ಗಾಯ ಹರಿಯುತ್ತದೆ.

2. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ 15 ನಿಮಿಷ ಎರಡಕ್ಕೇ ಮುಗಿಯುತ್ತದೆ. ಪರಚಿದ ಗೀರಿಗೂ ಇದೇ. ರಕ್ತ ಜೋರಾಗಿ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೊರಡಿ. ಯಾವ ಮನೆಮದ್ದೂ ಹಚ್ಚಬೇಡಿ. ತೊಳೆದ ಮೇಲೆ ಪೋವಿಡೋನ್ ಅಯೋಡಿನ್ ಅನ್ನುವ ನಂಜುನಿರೋಧಕ ಹಚ್ಚಬಹುದು.

3. ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ವೈದ್ಯರಿಗೆ ತೋರಿಸಿ. ಮುಖ, ಕುತ್ತಿಗೆ, ಕೈಯ ಗಾಯವಾದರೆ ಒಂದು ಗಂಟೆಯೂ ಕಾಯಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ, ಅದಕ್ಕಿಂತ ಮೊದಲು ಸರಿಯಾಗಿ ಚಿಕಿತ್ಸೆ ಕೊಟ್ಟರೆ ತಡೆಯಬಹುದು. ನಾಯಿಯ ಲಸಿಕೆ ಕಾರ್ಡ್ ಜೊತೆಗೆ ಒಯ್ಯಿರಿ. ಆದರೆ "ನಮ್ಮ ನಾಯಿಗೆ ಲಸಿಕೆ ಆಗಿದೆ, ಮಗುವಿಗೆ ಬೇಡ" ಅನ್ನುವ ತೀರ್ಮಾನ ನಿಮ್ಮದಾಗಬಾರದು, ಅದು ವೈದ್ಯರದು. ಚರ್ಮ ಹರಿದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವೈರಸ್ಸನ್ನು ಅಲ್ಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗಬಹುದು. ಟಿಟಿ, ಅಂದರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಲಸಿಕೆ ಒಂದೇ ಡೋಸಿಗೆ ಮುಗಿಯುವುದಿಲ್ಲ. ಮುಂದಿನ ಡೋಸುಗಳಿಗೆ ಕೊಟ್ಟ ದಿನಾಂಕಗಳನ್ನು ಮಗುವಿನ ಮನೆಯವರ ಫೋನಿನಲ್ಲಿ ಅಲ್ಲೇ ಕೂತು ಹಾಕಿಸಿ.

4. ನಾಯಿಯನ್ನು ಹೊಡೆಯುವುದು, ಎಲ್ಲಿಗೋ ಬಿಟ್ಟುಬರುವುದು ಬೇಡ. 10 ದಿನ ಅದು ನಿಮ್ಮ ಕಣ್ಣೆದುರೇ ಇರಬೇಕು. ಆ ದಿನಗಳಲ್ಲಿ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಗೊತ್ತಾಗುತ್ತದೆ. ವೈದ್ಯರ ಮುಂದಿನ ನಿರ್ಧಾರಕ್ಕೂ ಅದು ಬೇಕಾಗಬಹುದು. ಈ 10 ದಿನ ಮುಗಿಯಲಿ ಅಂತ ಮಗುವಿನ ಲಸಿಕೆ ಶುರು ಮಾಡುವುದನ್ನು ಮುಂದೂಡಬೇಡಿ. ಅದೇ ವಾರ ಪಶುವೈದ್ಯರಿಂದ ನೋವು, ಕಾಯಿಲೆ ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಆಮೇಲೂ ನಿಮ್ಮ ಮನೆಗೆ ಮಕ್ಕಳು ಬಂದಾಗಲೆಲ್ಲ ಈ ನಾಯಿ ಹಂತ 1ರ ಪಟ್ಟಿಯ ಮೊದಲ ಸಾಲಿಗೇ ಸೇರುತ್ತದೆ.